ಸಿಗರೇಟ್ ಹೊಗೆಗೆ ಅಂತ ಏರ್ ಪ್ಯೂರಿಫೈಯರ್ ತಗೊಂಡೆ, 5ಕ್ಕೆ 2 ಸ್ಟಾರ್

ಮೊದ್ಲೇ ಹೇಳ್ಬಿಡ್ತೀನಿ, ಮಷೀನ್ ಕೆಟ್ಟದ್ದಲ್ಲ, ನಾನು ಅದನ್ನ ತಗೊಂಡ ಕಾರಣ ಕೆಟ್ಟದ್ದು. ಮನೇಲಿ ಸಿಗರೇಟ್ ಸೇದೋನು ನಾನೊಬ್ನೇ, ಮಗು ಕೆಮ್ಮೋಕೆ ಶುರು ಮಾಡ್ತು, ಸೇದೋದು ಬಿಡೋ ಬದ್ಲು ಹೆಪಾ ಫಿಲ್ಟರ್ (ತೀರಾ ಸಣ್ಣ ಕಣಗಳನ್ನೂ ಹಿಡಿಯೋ ದಟ್ಟ ಫಿಲ್ಟರ್) ಇರೋ ಇದನ್ನ ತಂದಿಟ್ಟೆ, ಹೊಗೆನೆಲ್ಲಾ ಎಳ್ಕೊಳುತ್ತೆ ಬಿಡು ಅಂತ.

ಧೂಳಿಗೆ ಸೂಪರ್, ಎರಡು ಮಾತಿಲ್ಲ. ಸೌಂಡೂ ಕಮ್ಮಿ. ಆದ್ರೆ ಸಿಗರೇಟ್ ಹಚ್ಚಿದ್ರೆ ಸಾಕು, ಹಸಿರು ಲೈಟ್ ಕೆಂಪಗಾಗಿ ಪಿಎಂ 2.5, ಅಂದ್ರೆ ಗಾಳೀಲಿರೋ ತೀರಾ ಸಣ್ಣ ಕಣಗಳ ರೀಡಿಂಗ್ ಮೂರಂಕಿಗೆ ಹೋಗುತ್ತೆ, ಡಬ್ಲ್ಯುಎಚ್ಒ ಹೇಳೋದು ದಿನದ ಸರಾಸರಿ ಒಂದು ಘನ ಮೀಟರ್ ಗಾಳೀಲಿ 15 ಮೈಕ್ರೋಗ್ರಾಂ ದಾಟ್ಬಾರ್ದು ಅಂತ, ಇಲ್ಲಿ ಫುಲ್ ಸ್ಪೀಡಲ್ಲಿಟ್ರೂ ಇಳಿಯೋಕೆ ಅರ್ಧ ಗಂಟೆ ಬೇಕು, ಅಷ್ಟೊತ್ತೂ ಮಗು ಉಸಿರಾಡ್ತಾನೇ ಇರುತ್ತಲ್ವಾ.

ಅದಕ್ಕಿಂತ ದೊಡ್ಡ ವಿಷ್ಯ ಗ್ಯಾಸು. 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುತ್ತೆ ಅಂತ ಡಬ್ಬದ ಮೇಲಿರೋದು ನಿಜಾನೇ, ಆದ್ರೆ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್ ಕಣ ಅಲ್ಲ, ಫಿಲ್ಟರ್ ಒಳಗೆ ಹೋಗಿ ಹಾಗೇ ಆಚೆ ಬರುತ್ತೆ, ಒಳಗಿನ ಇದ್ದಿಲಿನ ಪದರಕ್ಕೂ ಅದು ಸಿಗಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳೋದು ಅದೇ ನೋಡಿ, ಆಕ್ಸಿಜನ್‌ಗೆ ಜಾಗ ಸಿಗ್ದೆ ಪಾಪ ಹಾರ್ಟು ಎಕ್ಸ್‌ಟ್ರಾ ಡ್ಯೂಟಿ ಮಾಡುತ್ತೆ. ಇದ್ದಿಲು ಎಳ್ಕೊಳ್ಳೋದು ಒಂಚೂರು ವಾಸ್ನೆ. ನಾನು ಬಿದ್ದಿದ್ದೂ ಅಲ್ಲೇ, ವಾಸ್ನೆ ಹೋಯ್ತಲ್ಲ ಅಂತ ಧೈರ್ಯ ಬಂದು ದಿನಕ್ಕೆ ಎರಡು ಜಾಸ್ತಿನೇ ಸೇದ್ದೆ.

ಇನ್ನೊಂದು, ನಾವು ಬಾಯಿಂದ ಬಿಡೋ ಹೊಗೆಗಿಂತ ಉರಿಯೋ ತುದಿಯಿಂದ ಸುಮ್ನೆ ಏಳೋ ಹೊಗೇಲಿ ವಿಷ ಜಾಸ್ತಿಯಂತೆ, ಅದು ಸಿಗರೇಟಿನ ಫಿಲ್ಟರ್ ದಾಟಿ ಬಂದಿರಲ್ಲ, ಪಕ್ಕದಲ್ಲಿರೋರಿಗೆ ಹೋಗೋದು ಬಹುಪಾಲು ಅದೇ.

ಎರಡೇ ತಿಂಗಳಿಗೆ ಫಿಲ್ಟರ್ ತೆಗ್ದು ನೋಡಿದ್ರೆ ಕಾಫಿ ಬಣ್ಣ, ಅಂಟಂಟು, ಮೂಗಿಡೋಕಾಗಲ್ಲ. ನಮ್ಮ ಶ್ವಾಸನಾಳದಲ್ಲೂ ಕಸ ಗುಡಿಸೋ ಸಣ್ಣ ಸಣ್ಣ ರೋಮ ಇರ್ತಾವೆ, ಹೊಗೆ ತಾಗ್ತಾ ತಾಗ್ತಾ ಅವು ಕೆಲ್ಸ ನಿಲ್ಲಿಸ್ತವೆ, ಕಫ ಅಲ್ಲೇ ಕೂತ್ಕೊಳುತ್ತೆ. ನನ್ನ ಬೆಳಗಿನ ಕೆಮ್ಮು ಎಲ್ಲಿಂದ ಬರ್ತಿದೆ ಅಂತ ಅವತ್ತು ಆ ಫಿಲ್ಟರ್ ಕೈಲಿಟ್ಕೊಂಡು ಗೊತ್ತಾಯ್ತು.

ಧೂಳು, ಪರಾಗ ಅಂದ್ರೆ ಧಾರಾಳವಾಗಿ ತಗೊಳ್ಳಿ. ಸಿಗರೇಟಿಗೆ ಅಂತಾದ್ರೆ ದುಡ್ಡು ಉಳಿಸ್ಕೊಳ್ಳಿ. ನಾನಿನ್ನೂ ಪೂರ್ತಿ ಬಿಟ್ಟಿಲ್ಲ, ಆಚೆ ಹೋಗಿ ಸೇದ್ತೀನಿ. ಮೊನ್ನೆ ಸೇದಿ ಸೀದಾ ಒಳಗ್ಬಂದು ಮಷೀನ್ ಪಕ್ಕ ನಿಂತೆ, ಲೈಟ್ ಹಳದಿ ಆಯ್ತು.