ಹಂದಿಗೂಡಿನ ಇಲಿಗೆ ಏರ್ ರೈಫಲ್: ಕೆಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇಲಿ ಕಾಟ ಪೂರ್ತಿ ನಿಲ್ಲುತ್ತದೆ ಅಂದುಕೊಂಡು ಏರ್ ರೈಫಲ್ ಕೊಳ್ಳುವವರಿಗೆ ಅದು ದುಡ್ಡು ದಂಡ. ಬೋನಿಗೆ ಬೀಳದ, ಪಾಷಾಣದ ಕಡೆ ಮೂತಿಯೂ ಹಾಕದ ನಾಲ್ಕಾರು ಘಾಟಿ ಹೆಗ್ಗಣಗಳು ಕೊನೆಗೆ ಉಳಿದಿರುತ್ತವಲ್ಲ, ಅವಕ್ಕೆ ಮಾತ್ರ ಇದು ಸರಿಯಾದ ಮದ್ದು. ಆ ಲೆಕ್ಕದಲ್ಲಿ ನನಗೆ ಸಮಾಧಾನ ಇದೆ. ಐದಕ್ಕೆ ಮೂರೂವರೆ ಕೊಡುತ್ತೇನೆ.

ನಮ್ಮದು ಕೊಡಗಿನ ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗೆ. ಕಾಫಿ, ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಮನೆ ಹಿಂದೆ ಹಂದಿಗೂಡು, ಅದರ ಪಕ್ಕ ಕೋಳಿಗೂಡು, ಆಚೆ ಭತ್ತ ಮತ್ತು ಕಾಫಿ ಮೂಟೆ ಇಡುವ ಗೋಡೌನ್. ಇಲಿಗಳಿಗೆ ಇನ್ನೇನು ಬೇಕು? ಡಿಸೆಂಬರ್–ಜನವರಿಯಲ್ಲಿ ಗದ್ದೆ ಕೊಯ್ಲು ಮುಗಿಯುತ್ತಿದ್ದ ಹಾಗೆ ಬದುವಿನಲ್ಲಿದ್ದ ಹೆಗ್ಗಣಗಳು ಮನೆ ಕಡೆ ತಿರುಗುತ್ತವೆ. ಮಾಡು ಹತ್ತುವ ಕಪ್ಪಿಲಿಗಳು ವರ್ಷಪೂರ್ತಿ ಇದ್ದೇ ಇರುತ್ತವೆ.

ರೈಫಲ್ ತಂದ ದಿನ ದೊಡ್ಡಪ್ಪ ನಕ್ಕುಬಿಟ್ಟರು. "ಮನೆಯಲ್ಲಿ ಜೋಡುನಳಿಗೆ ಕೋವಿ ಇಟ್ಟುಕೊಂಡು ಇದ್ಯಾಕೋ ಆಟದ ಸಾಮಾನು?" ಅಂದರು. ಅವರು ಹೇಳುವುದೂ ಸರಿಯೇ. ಕೊಡವರಿಗೂ ಜಮ್ಮಾ, ಅಂದರೆ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹೂವಿಟ್ಟು ಪೂಜೆ ಮಾಡುವ, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಹಾರಿಸುವ ಕೋವಿ ಅದು. ಆದರೆ ಹಂದಿಗೂಡಿನ ಗೋಡೆ ಬುಡದಲ್ಲಿ ಕೂತ ಇಲಿಗೆ 12 ಬೋರ್ ತೋಟಾ ಹೊಡೆದರೆ ಇಲಿ ಜೊತೆ ಗೂಡಿನ ತಗಡೂ ಹೋಯಿತು, ಹಂದಿಯೂ ಹೋಯಿತು. ತೋಟದ ಕೆಲಸದವರ ಲೈನ್ ಮನೆಯಲ್ಲಿ ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಹಾಗಾಗಿ ಕೋವಿ ಗೋಡೆ ಮೇಲೇ ಇರಲಿ.

ನಾನು ತಗೊಂಡದ್ದು ನಮ್ಮ ದೇಶದಲ್ಲೇ ತಯಾರಾದ, ನಳಿಗೆ ಮಡಚಿ ಪೆಲೆಟ್, ಅಂದರೆ ಸಣ್ಣ ಸೀಸದ ಗುಂಡು ತುಂಬುವ ಸ್ಪ್ರಿಂಗ್ ರೈಫಲ್. ನಳಿಗೆಯ ಒಳಗಿನ ಅಳತೆ 4.5 ಮಿಲಿಮೀಟರ್, ಅಂದರೆ ಪಾಯಿಂಟ್ ಒನ್ ಸೆವೆನ್ ಸೆವೆನ್ ಇಂಚು. ಈ ಅಳತೆ ಮೀರದ, 20 ಜೂಲ್ ಬಲ ದಾಟದ ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಬೇಡ. ಅಂಗಡಿಯಲ್ಲಿ ಗುರುತಿನ ಚೀಟಿ ಕೇಳಿದರು, ಅಷ್ಟೇ. ಒಂದೊಂದೇ ಪೆಲೆಟ್ ತುಂಬಬೇಕು. ಕತ್ತಲಲ್ಲಿ ಬೆರಳು ಮರಗಟ್ಟಿದಾಗ ಅದು ಎಲ್ಲೋ ಜಾರಿ ಬೀಳುತ್ತದೆ, ಹುಡುಕುವಷ್ಟರಲ್ಲಿ ಇಲಿ ಊಟ ಮುಗಿಸಿ ಹೋಗಿರುತ್ತದೆ. ಇದು ಕಿರಿಕಿರಿ, ಆದರೆ ಅಭ್ಯಾಸವಾಗುತ್ತದೆ.

ಬಲದ ಬಗ್ಗೆ ತುಂಬಾ ಜನ ಕೇಳುತ್ತಾರೆ. 15 ಮೀಟರ್ ಒಳಗೆ ತಲೆಗೆ ಬಿದ್ದರೆ ಹೆಗ್ಗಣವೂ ಅಲ್ಲೇ ಮಲಗುತ್ತದೆ. 20 ಮೀಟರ್ ದಾಟಿದರೆ ನಾನು ಕುದುರೆ (ಟ್ರಿಗರ್) ಎಳೆಯುವುದಿಲ್ಲ. ಹೊಟ್ಟೆಗೆ ಬಿದ್ದ ಇಲಿ ಬಿಲ ಸೇರಿ ನರಳಿ ಸಾಯುತ್ತದೆ. ಪಾಪ ಅನ್ನುವುದು ಹಾಗಿರಲಿ, ಗೋಡೌನ್ ಅಡಿಯಿಂದ ಬರುವ ನಾತ ವಾರ ಕಳೆದರೂ ಹೋಗುವುದಿಲ್ಲ. ದೊಡ್ಡ ಜಾತಿಯ ಹೆಗ್ಗಣ ಒಂದು ಕಿಲೋ ಹತ್ತಿರ ತೂಗುತ್ತದೆ. ಅಂಥದ್ದಕ್ಕೆ ಅಂದಾಜಿನ ಮೇಲೆ ಹೊಡೆಯಲೇಬಾರದು.

ರೈಫಲ್‌ಗಿಂತ ಜಾಸ್ತಿ ತಲೆ ತಿಂದದ್ದು ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. ಸ್ಪ್ರಿಂಗ್ ರೈಫಲ್ ಹೊಡೆದಾಗ ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ, ಹೀಗೆ ಎರಡು ಸಲ ಒದೆಯುತ್ತದೆ. ಬೇರೆ ಬಂದೂಕಿಗೆ ಮಾಡಿದ ಅಗ್ಗದ ಸ್ಕೋಪ್ ಈ ಎರಡನೇ ಒದೆತಕ್ಕೆ ತಡೆಯುವುದಿಲ್ಲ. ರೈಫಲ್ ಜೊತೆಗೇ ಕೊಟ್ಟ ಸ್ಕೋಪಿನ ಒಳಗಿನ ಗೆರೆ ಒಂದು ರಾತ್ರಿ ಓರೆಯಾಗಿ ನಿಂತುಬಿಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ, ಸ್ಕೋಪಿಗೆ ವಾರಂಟಿ ಇಲ್ಲ ಅಂದರು. ಒಂದೇ ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟದ್ದು ನೀವೇ ಅಲ್ವಾ ಅಂದೆ. ಆಮೇಲೆ ಫೋನೇ ಎತ್ತಲಿಲ್ಲ. ಆ ಒಂದೂವರೆ ಅಂಕ ಹೋದದ್ದು ಅಲ್ಲೇ. ಈಗ ಇರುವುದು ಏರ್ ರೈಫಲ್‌ಗೆಂದೇ ಮಾಡಿದ್ದು. ಹತ್ತಿರದ ದೂರಕ್ಕೂ ಫೋಕಸ್ ತಿರುಗಿಸಬಹುದು. ಈ ಸೌಲಭ್ಯ ಇಲ್ಲದಿದ್ದರೆ ಹತ್ತು ಮೀಟರ್ ದೂರದ ಇಲಿ ಬರೀ ಬೂದು ಮೋಡ.

ಇನ್ನೊಂದು ವಿಷಯ ಯಾವ ಅಂಗಡಿಯವರೂ ಹೇಳುವುದಿಲ್ಲ. ಸ್ಕೋಪ್ ಇರುವುದು ನಳಿಗೆಯ ಮೇಲೆ, ಸುಮಾರು 4 ಸೆಂಟಿಮೀಟರ್ ಎತ್ತರದಲ್ಲಿ. 18 ಮೀಟರಿಗೆ ಗುರಿ ಹೊಂದಿಸಿಕೊಂಡು 6 ಮೀಟರಿನ ಇಲಿಗೆ ಹೊಡೆದರೆ ಪೆಲೆಟ್ 2 ಸೆಂಟಿಮೀಟರ್‌ನಷ್ಟು ಕೆಳಗೆ ಹೋಗುತ್ತದೆ. ಇಲಿ ತಲೆ ಎಷ್ಟು ದೊಡ್ಡದು ಹೇಳಿ? ಹತ್ತಿರ ಬಂದಷ್ಟೂ ಸ್ವಲ್ಪ ಮೇಲೆ ಹಿಡಿಯಬೇಕು. ಗೋಣಿಚೀಲಕ್ಕೆ ಮರಳು ತುಂಬಿ, ಕಾಗದ ಅಂಟಿಸಿ, ಹಗಲಿನಲ್ಲೇ ಐದು, ಹತ್ತು, ಹದಿನೈದು ಮೀಟರಿಗೆ ಹೊಡೆದು ಬರೆದಿಟ್ಟುಕೊಳ್ಳಿ. ರೈಫಲನ್ನು ಬಿಗಿಯಾಗಿ ಹಿಡಿಯಬೇಡಿ. ಅಂಗೈ ಮೇಲೆ ಸುಮ್ನೆ ಕೂರಿಸಿ, ಒದೆಯುವಷ್ಟು ಒದೆಯಲು ಬಿಡಿ. ಬಿಗಿ ಹಿಡಿದರೆ ಒಂದೊಂದು ಪೆಲೆಟ್ ಒಂದೊಂದು ಕಡೆ.

ಬೆಳಕಿಗೆ ನಾನು ಬಳಸುವುದು ಕೆಂಪು ಟಾರ್ಚ್. ಇಲಿ ಕಣ್ಣಿಗೆ ಕೆಂಪು ಬಣ್ಣ ಅಷ್ಟಾಗಿ ಕಾಣುವುದಿಲ್ಲ. ಬಿಳಿ ಟಾರ್ಚ್ ಬಿಟ್ಟರೆ ಮಾಯ. ಸ್ಕೋಪ್ ಹಿಂದೆ ಸಿಕ್ಕಿಸುವ ಡಿಜಿಟಲ್ ನೈಟ್ ವಿಷನ್ ಗೆಳೆಯರೊಬ್ಬರ ಹತ್ತಿರ ಇತ್ತು, ತಂದು ನೋಡಿದೆ. ಚೆನ್ನಾಗಿಯೇ ಇದೆ. ಆದರೆ ಮಂಜು ಬಿದ್ದ ರಾತ್ರಿ ಅದರ ಇನ್ಫ್ರಾರೆಡ್ ಬೆಳಕು ಮಂಜಿಗೇ ಬಡಿದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಕೊಡಗಿನಲ್ಲಿ ಮಂಜಿಲ್ಲದ ರಾತ್ರಿ ಹುಡುಕಿಕೊಂಡು ಕೂರಲು ಆಗುತ್ತದೆಯೇ? ರೈಫಲ್‌ಗಿಂತ ದುಬಾರಿ ಬೇರೆ. ಹದಿನೈದು ಮೀಟರಿನ ಕೆಲಸಕ್ಕೆ ಕೆಂಪು ಟಾರ್ಚ್ ಸಾಕು.

ಇಲಿಯ ದಾರಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ಅಂಗಳದ ನಡುವೆ ಓಡುವುದಿಲ್ಲ, ಗೋಡೆಗೆ ಮೈ ಉಜ್ಜಿಕೊಂಡೇ ಹೋಗುತ್ತದೆ. ನಮ್ಮ ಹಂದಿಗೂಡಿನ ಸುಣ್ಣದ ಗೋಡೆಯಲ್ಲಿ ನೆಲದಿಂದ ಎರಡು ಬೆರಳು ಮೇಲೆ ಎಣ್ಣೆ ಜಿಡ್ಡಿನ ಕಪ್ಪು ಪಟ್ಟಿ ಮೂಡಿದೆ, ಮೂಲೆ ತಿರುಗುವಲ್ಲಿ ಇನ್ನೂ ಗಾಢ. ಬಿಲದ ಬಾಯಿಗೆ ಬಂದು ಮೀಸೆ ಮಾತ್ರ ಹೊರಗೆ ಹಾಕಿ ನಿಲ್ಲುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಆಮೇಲೆ ಒಂದೇ ಓಟ. ಓಡುವಾಗ ಹೊಡೆಯುವುದು ದಂಡ. ಅದಕ್ಕೆ ಓಟದ ದಾರಿಯಲ್ಲಿ ಕಡಲೆಕಾಯಿ ಹಿಂಡಿಗೆ ನೀರು ಹಾಕಿ ಕಲಸಿ ಒಂದು ಚಪ್ಪಟೆ ಕಲ್ಲಿಗೆ ಮೆತ್ತುತ್ತೇನೆ. ಉಂಡೆ ಇಟ್ಟರೆ ಕಚ್ಚಿಕೊಂಡು ಹೋಗಿಬಿಡುತ್ತದೆ. ಮೆತ್ತಿದರೆ ಅಲ್ಲೇ ನಿಂತು ಕೆರೆದು ತಿನ್ನಬೇಕು. ಆ ಹೊತ್ತೇ ನಮ್ಮದು. ಹೊಸ ಕಲ್ಲನ್ನು ಒಂದೆರಡು ರಾತ್ರಿ ಮುಟ್ಟುವುದಿಲ್ಲ, ಹೊಸದು ಕಂಡರೆ ಇಲಿಗೆ ಅನುಮಾನ. ಹಾಗಾಗಿ ಮೊದಲ ರಾತ್ರಿಗಳಲ್ಲಿ ರೈಫಲ್ ಹೊರಗೇ ತರಬೇಡಿ, ತಿನ್ನಲು ಬಿಡಿ. ಕತ್ತಲಾಗಿ ಗಂಟೆ ಕಳೆದ ಮೇಲಿನ ಹೊತ್ತು ಒಳ್ಳೆಯದು.

ಕಲ್ಲಿನ ಹಿಂದೆ ಮರಳು ಚೀಲ ಇರಲೇಬೇಕು. ಸಿಮೆಂಟ್ ನೆಲ, ತಗಡು, ಸೈಜು ಕಲ್ಲು, ಯಾವುದಕ್ಕೆ ಬಡಿದರೂ ಪೆಲೆಟ್ ವಾಪಸ್ ಹಾರುತ್ತದೆ. ಕಣ್ಣಿಗೆ ಕನ್ನಡಕ ಹಾಕಿ. ಲೈನ್ ಮನೆ ಕಡೆಗೆ, ರಸ್ತೆ ಕಡೆಗೆ ನಳಿಗೆ ತಿರುಗುವ ಜಾಗದಲ್ಲಿ ಕೂರಲೇಬೇಡಿ. ರಾತ್ರಿ ಹೊರಗೆ ಇರುತ್ತೇನೆ ಅಂತ ಕೆಲಸದವರಿಗೆ ಮೊದಲೇ ಹೇಳಿರಿ.

ಕತ್ತಲಲ್ಲಿ ಹೊಳೆಯುವ ಕಣ್ಣೆಲ್ಲ ಇಲಿಯದ್ದಲ್ಲ. ಮೆಣಸಿನ ಬಳ್ಳಿ ಮೇಲೆ ಕಾಡುಪಾಪ ಕೂತಿರಬಹುದು, ಪುನುಗಿನ ಬೆಕ್ಕು ಕಾಫಿ ಹಣ್ಣಿಗೆ ಬಂದಿರಬಹುದು, ಹಾರುಬೆಕ್ಕು, ಅಂದರೆ ಹಾರುವ ಅಳಿಲು ಇರಬಹುದು. ಇವೆಲ್ಲ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿಗಳು. ನನ್ನ ನಿಯಮ ಸರಳ: ಮರದ ಮೇಲಕ್ಕೆ ನಳಿಗೆ ಎತ್ತುವುದೇ ಇಲ್ಲ. ಮೇಲಕ್ಕೆ ಹೊಡೆದ ಪೆಲೆಟ್ ಎಲ್ಲಿಗೆ ಹೋಗುತ್ತದೆ ಅನ್ನುವುದೂ ಗೊತ್ತಿರುವುದಿಲ್ಲ.

ಗದ್ದೆಗೆ ಹೋಗಿ ಹೊಡೆಯಬಹುದಾ ಅಂತ ಕೇಳುವವರಿಗೆ ಒಂದೇ ಉತ್ತರ, ಬೇಡ. ನಮ್ಮ ಕಡೆ ಕತ್ತಲಾದ ಮೇಲೆ ಗದ್ದೆ ಆನೆಯದ್ದು. ಸ್ಕೋಪಿಗೆ ಒಂದು ಕಣ್ಣು ಒತ್ತಿ ಕೂತವನಿಗೆ ಪಕ್ಕದಲ್ಲಿ ಆನೆ ನಿಂತರೂ ಗೊತ್ತಾಗುವುದಿಲ್ಲ. ಗದ್ದೆಯಲ್ಲಿ ಬದು ಸಣ್ಣದು ಮಾಡುವುದು, ಬಿಲ ಅಗೆಯುವುದು, ಬೋನು ಇಡುವುದೇ ಸರಿ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಜ್ವರ ಅದರ ಉಚ್ಚೆಯಿಂದ ಬರುತ್ತದೆ, ಕೈಕಾಲಿನ ಸಣ್ಣ ಗಾಯ ಸಾಕು. ಮಳೆಗಾಲದಲ್ಲಿ ಜಿಗಣೆ ಕಚ್ಚಿದ ಕಾಲು ಯಾರಿಗಿಲ್ಲ? ಕೈಗವಸು, ಬೂಟು ಹಾಕಿಕೊಂಡು ಎತ್ತಿ ಆಳಕ್ಕೆ ಹೂಳಿ. ಒಳಗೆ ಸೀಸದ ಪೆಲೆಟ್ ಇರುತ್ತದೆ, ನಾಯಿಗೂ ಹಂದಿಗೂ ಹಾಕಬೇಡಿ.

ಪಾಷಾಣ ಬಿಟ್ಟು ಈ ಕಷ್ಟಕ್ಕೆ ಯಾಕೆ ಬಂದೆ ಅಂದರೆ, ನಾಯಿ ಮತ್ತು ಗೂಬೆ ಕಾರಣ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ತೂರಾಡಿಕೊಂಡು ತಿರುಗುತ್ತದೆ. ಅಂಥದ್ದನ್ನು ಹಿಡಿದು ತಿಂದ ಗೂಬೆ, ಬೆಕ್ಕು, ನಾಯಿಗೂ ವಿಷ ಏರುತ್ತದೆ. ನಮ್ಮ ಗೋಡೌನ್ ಅಟ್ಟದಲ್ಲಿ ಕಣಜ ಗೂಬೆಯ ಜೋಡಿ ಇದೆ. ಇಲಿ ಹಿಡಿಯುವುದರಲ್ಲಿ ನನ್ನನ್ನೂ ರೈಫಲನ್ನೂ ಸೇರಿಸಿದರೂ ಅವುಗಳ ಹತ್ತಿರ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಇಲಿಯ ಗರ್ಭ ಮೂರು ವಾರ. ಒಂದು ಸೂಲಿಗೆ ಆರರಿಂದ ಹತ್ತು ಮರಿ, ಅವು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ತಯಾರು. ರಾತ್ರಿಗೆ ಒಂದೆರಡು ಹೊಡೆದು ಇದನ್ನು ಗೆಲ್ಲಲು ಯಾರಿಂದಲೂ ಆಗದು. ನಮ್ಮಲ್ಲಿ ಇಲಿ ನಿಜವಾಗಿ ಇಳಿದದ್ದು ಹಂದಿ ತಿಂಡಿಯನ್ನು ಮುಚ್ಚಳದ ಕಬ್ಬಿಣದ ಡ್ರಮ್ಮಿಗೆ ತುಂಬಿಸಿ, ಸಂಜೆಯ ತೊಟ್ಟಿಯನ್ನು ಕತ್ತಲಾಗುವ ಮೊದಲೇ ತೊಳೆಯಲು ಶುರು ಮಾಡಿದ ಮೇಲೆ. ತೊಟ್ಟಿ ಖಾಲಿ ಇದ್ದರೆ ಉಳಿದ ಘಾಟಿಗಳೂ ಹಸಿದು ಹಿಂಡಿ ಮೆತ್ತಿದ ಕಲ್ಲಿಗೆ ಬರುತ್ತವೆ. ತೊಟ್ಟಿ ತುಂಬಿದ್ದರೆ ನಾನು ಬೆಳಗಿನವರೆಗೆ ಕೂತರೂ ಒಂದೂ ಬರುವುದಿಲ್ಲ.

ಇನ್ನು ನಿರ್ವಹಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ರೈಫಲ್‌ನ ನಿಜವಾದ ಶತ್ರು ತುಕ್ಕು. ಬಂದ ಪೆಟ್ಟಿಗೆಯಲ್ಲೇ ಮುಚ್ಚಿಟ್ಟರೆ ಒಳಗಿನ ಸ್ಪಂಜು ತೇವ ಹೀರಿ ನಳಿಗೆಗೆ ಕಂದು ಚುಕ್ಕೆ ಬರಿಸುತ್ತದೆ. ಎಣ್ಣೆ ಒರೆಸಿ, ಒಲೆ ಇರುವ ಕೋಣೆಯ ಗೋಡೆಗೆ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಬೀಗ ಹಾಕಿ ತೂಗುಹಾಕಿದ್ದೇನೆ. ರೈಫಲ್ ಒಳಗೆ ಗಾಳಿ ಒತ್ತುವ ಕೊಳವೆಗೆ ಮಾತ್ರ ಕಂಡಕಂಡ ಎಣ್ಣೆ ಬಿಡಬೇಡಿ, ಒತ್ತಡಕ್ಕೆ ಹೊತ್ತಿಕೊಂಡು ಸೀಲ್ ಸುಡುತ್ತದೆ. ತುಂಬಿದ ಸ್ಪ್ರಿಂಗನ್ನು ಗಂಟೆಗಟ್ಟಲೆ ಹಾಗೇ ಬಿಟ್ಟು ಕಾಯುವುದೂ ಒಳ್ಳೆಯದಲ್ಲ, ಬಲ ಇಳಿಯುತ್ತದೆ. ನಮ್ಮದರಲ್ಲಿ ಸ್ಪ್ರಿಂಗ್ ಮತ್ತು ಸೀಲ್ ಒಮ್ಮೆ ಬದಲಾಗಿದೆ. ಬಿಡಿಭಾಗ ಇಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಬೇಕಾಯಿತು. ಮಳೆಗಾಲದಲ್ಲಿ ಕೊರಿಯರ್ ನಂಬಿ ಕೂರುವ ಬದಲು, ರೈಫಲ್ ಕೊಳ್ಳುವಾಗಲೇ ಇನ್ನೊಂದು ಜೊತೆ ಸ್ಪ್ರಿಂಗ್, ಸೀಲ್ ಕೇಳಿ ತಗೊಂಡುಬಿಡಿ.