ಈರಾಸ್ ಸಿಗ್ನಲ್‌ಗೆ ನಾಲ್ಕೂವರೆ ಸ್ಟಾರ್, ದುಡ್ಡು ಕೊಟ್ಟು ಬರೆಸಿದ ಪತ್ರಕ್ಕೆ ಒಂದು

ಅಮೆರಿಕದಲ್ಲಿ ರೆಸಿಡೆನ್ಸಿಗೆ (ವೈದ್ಯಕೀಯ ಪದವಿ ಆದ ಮೇಲೆ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಅರ್ಜಿ ಹಾಕುವ ಎಲ್ಲರ ತಲೆಯಲ್ಲೂ ಇದೇ ಪ್ರಶ್ನೆ: ನಿಮ್ಮ ಪ್ರೋಗ್ರಾಂ ನನಗೆ ಇಷ್ಟ ಅಂತ ಅವರಿಗೆ ಹೇಳಬೇಕಾ, ಸುಮ್ಮನಿರಬೇಕಾ? ನಾನು 2025ರ ಮ್ಯಾಚ್‌ಗೆ (ನಮ್ಮ ಮತ್ತು ಪ್ರೋಗ್ರಾಂಗಳ ರ‍್ಯಾಂಕ್ ಪಟ್ಟಿಗಳನ್ನು ಹೊಂದಿಸಿ ಸೀಟು ಕೊಡುವ ವ್ಯವಸ್ಥೆ) ಇಂಟರ್ನಲ್ ಮೆಡಿಸಿನ್‌ನಲ್ಲಿ ಅರ್ಜಿ ಹಾಕಿದ್ದೆ. ಹೇಳುವ ಎರಡು ದಾರಿಗಳನ್ನೂ ಬಳಸಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಿಗ್ನಲ್, ಅಂದರೆ ಈರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯಲ್ಲೇ ಕೆಲವು ಪ್ರೋಗ್ರಾಂಗಳಿಗೆ ನೀವು ನನಗೆ ಇಷ್ಟ ಅಂತ ಕಳಿಸುವ ಗುರುತು. ಆ ವರ್ಷ ನಮ್ಮ ವಿಭಾಗಕ್ಕೆ 3 ಗೋಲ್ಡ್ (ತೀರಾ ಇಷ್ಟದ ಕಡೆಗೆ), 12 ಸಿಲ್ವರ್ (ಅದರ ನಂತರದವಕ್ಕೆ) ಇದ್ದವು. ಅರ್ಜಿಯ ಜೊತೆಗೇ ಹೋಗುತ್ತವೆ, ಆಮೇಲೆ ಬದಲಿಸಲು ಆಗುವುದಿಲ್ಲ. ಅರ್ಜಿಗೆ ಮಾತ್ರ ಮಿತಿ ಇಲ್ಲ: ಆ ವರ್ಷ ಮೊದಲ 30 ಪ್ರೋಗ್ರಾಂಗೆ ತಲಾ 11 ಡಾಲರ್, ಅದರ ಮೇಲೆ ತಲಾ 30 ಡಾಲರ್ ಇತ್ತು, ದುಡ್ಡಿದ್ದರೆ ಎಷ್ಟು ಬೇಕಾದರೂ ಹಾಕಿ. ಸಿಗ್ನಲ್ ಹದಿನೈದೇ. ಅದರ ಬೆಲೆ ಇರುವುದೇ ಅಲ್ಲಿ. ರಾಶಿ ಅರ್ಜಿಗಳ ಮುಂದೆ ಕೂತ ಡೈರೆಕ್ಟರ್‌ಗೆ ಯಾರು ನಿಜವಾಗಿ ಬರುತ್ತಾರೆ ಅಂತ ತಿಳಿಯಬೇಕಲ್ವಾ? 2021ರ ಮ್ಯಾಚ್‌ಗೆ ಇಎನ್‌ಟಿಯವರು ತಲಾ 5 ಸಿಗ್ನಲ್ ಕೊಟ್ಟು ಇದನ್ನು ಶುರು ಮಾಡಿದ್ದು, ಆಮೇಲೆ ಬೇರೆ ವಿಭಾಗಗಳಿಗೂ ಬಂತು.

ಮೂರು ಗೋಲ್ಡ್ ಹಂಚಲು ನನಗೆ ನಾಲ್ಕು ದಿನ ಹಿಡಿಯಿತು. ಮೊದಲ ಪಟ್ಟಿಯಲ್ಲಿ ದೊಡ್ಡ ಹೆಸರುಗಳೇ ಇದ್ದವು. ಒಂದೊಂದರ ಈಗಿನ ರೆಸಿಡೆಂಟ್‌ಗಳ ಪುಟ ತೆರೆದು ನೋಡಿದೆ. ಒಂದರಲ್ಲಿ ಮೂರು ವರ್ಷದ ಬ್ಯಾಚ್‌ಗಳಲ್ಲೂ ನನ್ನ ಹಾಗೆ ಅಮೆರಿಕದ ಹೊರಗೆ ಓದಿದವರು ಒಬ್ಬರೂ ಇರಲಿಲ್ಲ. ಅದನ್ನು ತೆಗೆದು, ನಾನು ಒಂದು ತಿಂಗಳು ಅಬ್ಸರ್ವರ್‌ಶಿಪ್ (ಡಾಕ್ಟರ್‌ಗಳ ಕೆಲಸವನ್ನು ಪಕ್ಕದಲ್ಲಿದ್ದು ನೋಡುವುದು) ಮಾಡಿದ್ದ ಚಿಕ್ಕ ಕಮ್ಯುನಿಟಿ ಆಸ್ಪತ್ರೆಗೆ ಗೋಲ್ಡ್ ಕೊಟ್ಟೆ. ಮೊದಲ ಇಂಟರ್‌ವ್ಯೂ ಕರೆ ಬಂದದ್ದು ಅಲ್ಲಿಂದಲೇ. ಒಟ್ಟು ಬಂದ ಏಳು ಕರೆಗಳಲ್ಲಿ ಆರು ಸಿಗ್ನಲ್ ಕೊಟ್ಟ ಕಡೆಯಿಂದ. ಇದು ನನ್ನೊಬ್ಬನ ಲೆಕ್ಕ, ಆದರೆ ನನಗೆ ಅಷ್ಟು ಸಾಕು.

ಅರ್ಧ ಸ್ಟಾರ್ ಯಾಕೆ ಕಡಿಮೆ ಅಂದರೆ, ಸಿಗ್ನಲ್ ಸಂಖ್ಯೆ ಜಾಸ್ತಿಯಾದಷ್ಟೂ ಅದರ ಅರ್ಥ ತಿರುಗಿಹೋಗುತ್ತದೆ. ಆರ್ಥೋದಲ್ಲಿ 30 ಕೊಟ್ಟರು. ಮೂವತ್ತರಲ್ಲೂ ನಮ್ಮ ಹೆಸರಿಲ್ಲ ಅಂದರೆ ಇವರಿಗೆ ನಾವು ಬೇಡ ಅಂತಲೇ ಪ್ರೋಗ್ರಾಂನವರು ಓದಿಕೊಳ್ಳುತ್ತಾರೆ.

ಇನ್ನು ಪತ್ರ. ಇಂಟರ್‌ವ್ಯೂ ಎಲ್ಲ ಮುಗಿದ ಮೇಲೆ ಭಯ ಶುರುವಾಗುತ್ತದೆ. ಆ ಭಯದಲ್ಲಿ 120 ಡಾಲರ್ ಕೊಟ್ಟು ಒಂದು ಕಡೆ ಆಸಕ್ತಿ ಪತ್ರ ಬರೆಸಿದೆ. ಬಂದ ಪತ್ರದಲ್ಲಿ ಪ್ರೋಗ್ರಾಂ ಹೆಸರು ಮೂರು ಕಡೆ ಇತ್ತು, ಮೂರೂ ಕಡೆ ಆ ಅಕ್ಷರಗಳು ಮಾತ್ರ ಉಳಿದವಕ್ಕಿಂತ ಸ್ವಲ್ಪ ದಪ್ಪ. ನನ್ನ ಜೊತೆ ಓದಿದವಳೂ ಅಲ್ಲೇ ಬರೆಸಿದ್ದಳು, ಇಬ್ಬರ ಪತ್ರ ಪಕ್ಕಪಕ್ಕ ಇಟ್ಟರೆ ಎರಡನೇ ಪ್ಯಾರಾ ಒಂದೇ. ತುಂಬಾ ಬೇಜಾರಾಯಿತು. ಆ ದುಡ್ಡಲ್ಲಿ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬಹುದಿತ್ತು.

ಕೊನೆಗೆ ನಾನೇ ಆರು ಸಾಲು ಬರೆದೆ. ಮೂರು ವರ್ಷವೂ ಅದೇ ರೋಗಿಗಳನ್ನು ಕ್ಲಿನಿಕ್‌ನಲ್ಲಿ ನೋಡುವ ಬಗ್ಗೆ ಅಲ್ಲಿನ ಎರಡನೇ ವರ್ಷದ ರೆಸಿಡೆಂಟ್ ಹೇಳಿದ್ದು ನನ್ನ ಮನಸ್ಸಲ್ಲಿ ಉಳಿದಿತ್ತು, ಅದನ್ನೇ ಬರೆದೆ. ನಿಮ್ಮನ್ನೇ ಮೊದಲ ರ‍್ಯಾಂಕ್‌ನಲ್ಲಿ ಇಡುತ್ತೇನೆ ಅಂತಲೂ ಹೇಳಿದೆ. ಈ ಮಾತನ್ನು ಒಂದೇ ಕಡೆ ಹೇಳಿ, ದಯವಿಟ್ಟು. ಐದು ಕಡೆ ಹೇಳಿದರೆ ಅದು ಸುಳ್ಳು. ಡೈರೆಕ್ಟರ್‌ಗಳು ಒಬ್ಬರಿಗೊಬ್ಬರು ಪರಿಚಯದವರೇ ಇರುತ್ತಾರೆ. ಇಂಟರ್‌ವ್ಯೂ ಆದ ಮೇಲೆ ಏನೂ ಬರೆಯಬೇಡಿ ಅಂತ ಹೇಳಿದ ಪ್ರೋಗ್ರಾಂಗೆ ಬರೆಯಲೇಬೇಡಿ.

ಮ್ಯಾಚ್ ನಡೆಸುವ ಸಂಸ್ಥೆ ಎನ್‌ಆರ್‌ಎಂಪಿಯ ನಿಯಮವೂ ಗೊತ್ತಿರಲಿ. ನೀವಾಗಿಯೇ ಆಸಕ್ತಿ ಹೇಳಬಹುದು. ನಮ್ಮನ್ನು ಎಷ್ಟನೇ ರ‍್ಯಾಂಕ್‌ನಲ್ಲಿ ಇಡುತ್ತೀರಿ ಅಂತ ಅವರು ಕೇಳುವ ಹಾಗಿಲ್ಲ. ಇಬ್ಬರೂ ಏನೇ ಹೇಳಿಕೊಂಡರೂ ಅದಕ್ಕೆ ಕಟ್ಟುಪಾಡಿಲ್ಲ, ಲೆಕ್ಕಕ್ಕೆ ಬರುವುದು ಸರ್ಟಿಫೈ ಮಾಡಿದ (ಇದೇ ಅಂತಿಮ ಅಂತ ಖಚಿತಪಡಿಸಿದ) ರ‍್ಯಾಂಕ್ ಪಟ್ಟಿ ಒಂದೇ. ಮ್ಯಾಚ್‌ನ ಲೆಕ್ಕ ಶುರುವಾಗುವುದೂ ಅರ್ಜಿ ಹಾಕಿದ ನಮ್ಮ ಪಟ್ಟಿಯಿಂದಲೇ.

ನನ್ನ ಆರು ಸಾಲಿಗೆ ಕೋಆರ್ಡಿನೇಟರ್‌ರಿಂದ ಎರಡು ಸಾಲಿನ ಥ್ಯಾಂಕ್ಸ್ ಬಂತು. ಅದರಲ್ಲಿ ಏನೋ ಸೂಚನೆ ಇರಬಹುದು ಅಂತ ಹತ್ತು ಸಲ ಓದಿದೆ, ಏನೂ ಇರಲಿಲ್ಲ. ಪಟ್ಟಿಯನ್ನು ಮುಟ್ಟದೆ ಹಾಗೇ ಸರ್ಟಿಫೈ ಮಾಡಿದೆ.