ಡಬ್ಬದ ಮೇಲೆ 4 ಟಿಬಿ, ಲ್ಯಾಪ್‌ಟಾಪಿನಲ್ಲಿ 3.63: ಮೂರು ವರ್ಷ ಬಳಸಿದ ಹಾರ್ಡ್‌ಡಿಸ್ಕ್

ವಿರಾಜಪೇಟೆಯಲ್ಲಿ ಮದುವೆ ಫೋಟೋ, ವಿಡಿಯೋ ತೆಗೆಯುವುದು ನನ್ನ ಕಸುಬು. ಈ 4 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಂಡು ಮೂರು ವರ್ಷ ದಾಟಿತು. ಡಿಸ್ಕ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಜುಲೈ ಬಂತೆಂದರೆ ನಮ್ಮಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಇದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಮೂರು ಮಳೆಗಾಲ ದಾಟಿಸಿದ್ದೇನೆ. ಲ್ಯಾಪ್‌ಟಾಪಿನಿಂದಲೇ ಓಡುವುದರಿಂದ ಕರೆಂಟ್ ಹೋದರೂ ಕಾಪಿ ನಿಲ್ಲುವುದಿಲ್ಲ.

ತಕರಾರು ಇರುವುದು ಅಳತೆಯದ್ದು. ಮೊದಲ ದಿನವೇ ವಿಂಡೋಸ್ 3.63 ಟಿಬಿ ಅಂತ ತೋರಿಸಿತು. ಅಂಗಡಿಗೆ ಫೋನ್ ಮಾಡಿ "ಉಳಿದದ್ದು ಎಲ್ಲಣ್ಣಾ?" ಅಂದೆ. "ಎಲ್ಲಾ ಡಿಸ್ಕೂ ಹಾಗೇ, ಸಾಫ್ಟ್‌ವೇರ್ ತಿನ್ನುತ್ತೆ" ಅಂದರು. ನಂಬಿದೆ. ಆಮೇಲೆ ಭಾವನ ಮಗಳ ಮ್ಯಾಕ್‌ಬುಕ್‌ಗೆ ಹಾಕಿದರೆ ಅದೇ ಡಿಸ್ಕ್ ಪೂರಾ 4 ಟಿಬಿ!

ಯಾರೂ ಏನೂ ತಿಂದಿರಲಿಲ್ಲ. ಡಿಸ್ಕ್ ಮಾಡುವವರಿಗೂ ಮ್ಯಾಕ್‌ಗೂ 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ ಕೆಬಿ, ಎಂಬಿ, ಜಿಬಿ, ಟಿಬಿ ಅಂತ ಪ್ರತಿ ಮೆಟ್ಟಿಲಿಗೂ 1000ದ ಬದಲು 1024ರ ಲೆಕ್ಕ ಹಿಡಿದು 10,99,51,16,27,776 ಬೈಟ್ ಆದರೇ ಒಂದು ಟಿಬಿ ಅನ್ನುತ್ತದೆ. ಈ ಅಳತೆಗೆ 1998ರಲ್ಲೇ ಟೆಬಿಬೈಟ್ ಅಂತ ಬೇರೆ ಹೆಸರು ಕೊಟ್ಟಾಗಿದೆ, ವಿಂಡೋಸ್ ಬಳಸುವುದಿಲ್ಲ ಅಷ್ಟೆ. "50 ಕೆಜಿ ಕಾಫಿ ಚೆರ್ರಿ ಮೂಟೆ ಕೊಟ್ಟು 50 ಕೆಜಿ ಬೀಜ ಕೇಳಿದ ಹಾಗಾಯ್ತು ನಿಂದು" ಅಂತ ಭಾವ ನಕ್ಕರು. ಹೋಲಿಕೆ ಸರಿಯಲ್ಲ ಭಾವಾ, ಅಲ್ಲಿ ಸಿಪ್ಪೆ ಹೋಗುತ್ತದೆ. ಇಲ್ಲಿ ಸೇರು ಬೇರೆ, ಕಾಳು ಅಷ್ಟೇ ಇದೆ.

ಅಳತೆ ದೊಡ್ಡದಾದಷ್ಟೂ ಅಂತರ ಹಿಗ್ಗುತ್ತದೆ. ಕೆಬಿಯಲ್ಲಿ ಶೇ 2.4, ಟಿಬಿಯಲ್ಲಿ ಸುಮಾರು ಶೇ 10, ಟಿಬಿಗಿಂತ ನಾಲ್ಕು ಮೆಟ್ಟಿಲು ಮೇಲಿನ ಯೊಟ್ಟಾಬೈಟ್‌ನಲ್ಲಿ ಶೇ 20 ದಾಟುತ್ತದೆ. 2022ರಲ್ಲಿ ಅದರ ಮೇಲೂ ರೊನ್ನ, ಕ್ವೆಟ್ಟ ಅಂತ ಎರಡು ಬಂದಿವೆ. ಅಷ್ಟು ಮದುವೆ ತೆಗೆಯಲು ಏಳು ಜನ್ಮ ಸಾಲದು.

ಈ ಶೇ 10 ನನಗೆ ಬಿಸಿ ಮುಟ್ಟಿಸಿದ್ದು ಗೋಣಿಕೊಪ್ಪದ ಒಂದು ಮದುವೆಯಲ್ಲಿ. ನನ್ನದು ಒಂದು ಮದುವೆಗೆ ವಿಂಡೋಸ್ ಲೆಕ್ಕದಲ್ಲಿ ಸುಮಾರು 200 ಜಿಬಿ. 4000ಕ್ಕೆ 20 ಮದುವೆ ಅಂತ ಲೆಕ್ಕ ಹಾಕಿಕೊಂಡಿದ್ದೆ. ಅದು 19ನೆಯದು. ರಾತ್ರಿ ಗಂಗಾಪೂಜೆ ಮುಗಿಸಿ ಬಂದು ಕಾಪಿಗೆ ಹಾಕಿದರೆ ಜಾಗ ಇಲ್ಲ! ಬೆಳಿಗ್ಗೆ ಬೇರೆ ಮದುವೆ, ಕಾರ್ಡ್ ಖಾಲಿಯಾಗಲೇಬೇಕು. ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಸಿನಿಮಾಗಳನ್ನೆಲ್ಲ ಅಳಿಸಿ ಜಾಗ ಮಾಡುವಷ್ಟರಲ್ಲಿ ಮೂರು ಗಂಟೆ.

ಕ್ಲೌಡಿಗೆ ಹಾಕಿ ಅನ್ನುವವರಿಗೆ: ನನ್ನ ಅಪ್‌ಲೋಡ್ 20 ಎಂಬಿಪಿಎಸ್. ಅದು ಬಿಟ್ ಲೆಕ್ಕ, ಬೈಟಿಗೆ ಎಂಟರಿಂದ ಭಾಗಿಸಿ. ಒಂದು ಮದುವೆಗೆ 22 ಗಂಟೆ ಮೇಲೆ.

ಐದಕ್ಕೆ ನಾಲ್ಕು ಸ್ಟಾರ್. ಎರಡನೆಯದೂ ಇದೇ ತಗೊಂಡೆ, ಅದರ ಬೆನ್ನಿಗೆ "18 ಮದುವೆ" ಅಂತ ಬರೆದು ಅಂಟಿಸಿದ್ದೇನೆ.